ಬೇಸ್‌ಬಾಲ್‌ನ ದಾಖಲೆಗಳು, ಮರೆಯಲಾಗದ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಕೆಟ್ ನೋಡಿಕೊಂಡು ಬೆಳೆದ ನಮ್ಮ ಕಡೆಯವರು ಬೇಸ್‌ಬಾಲ್ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ. ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿ, ಮೊಮ್ಮಗ ಗ್ಲೌಸ್ ಹಾಕಿಕೊಂಡು ಆಡುವುದನ್ನು ನೋಡಿ ಬಂದ ತಾತಂದಿರು ಕೇಳುತ್ತಾರೆ. ಬೆಂಗಳೂರಿನಲ್ಲೇ ಕೂತು ಜಪಾನಿನ ಆಟಗಾರ ಒಟಾನಿಯ ವಿಡಿಯೊ ನೋಡಿದ ಹುಡುಗರೂ ಕೇಳುತ್ತಾರೆ. ನಾನೂ ಒಂದು ಕಾಲದಲ್ಲಿ ಇವನ್ನೇ ಕೇಳಿದ್ದೆ. ಈಗ ಈ ಆಟ ನನಗೆ ಕ್ರಿಕೆಟ್‌ನಷ್ಟೇ ಹತ್ತಿರ. ಗೊತ್ತಿರುವುದನ್ನು ಇಲ್ಲಿ ಬರೆದಿದ್ದೇನೆ.

ನನಗೆ ಆಟದ ನಿಯಮವೇ ಸರಿಯಾಗಿ ಗೊತ್ತಿಲ್ಲ. ದಾಖಲೆಗಳು ಅರ್ಥ ಆಗುತ್ತವಾ?

ಆಗುತ್ತವೆ. ಸ್ವಲ್ಪ ಗೊತ್ತಿದ್ದರೆ ಸಾಕು. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಒಂದೊಂದು ತಂಡಕ್ಕೆ ಮೂರು ಔಟ್. ಅಂದರೆ ಒಂದು ತಂಡಕ್ಕೆ ಒಟ್ಟು 27 ಔಟ್. ಚೆಂಡು ಎಸೆಯುವವನು ಪಿಚರ್. ಬ್ಯಾಟರ್ ಚೆಂಡನ್ನು ಹೊಡೆದು, ಔಟಾಗದೆ ಬೇಸ್ ಮುಟ್ಟಿದರೆ ಅದು ಹಿಟ್. ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಬೇಲಿ ದಾಟಿಸಿ ಹೊಡೆದರೆ ಹೋಮ್ ರನ್.

ಇನ್ನೊಂದು ವಿಷಯ ನೆನಪಿಡಿ. ಒಂದು ಸೀಸನ್‌ಗೆ ಪ್ರತಿ ತಂಡ 162 ಪಂದ್ಯ ಆಡುತ್ತದೆ. 1960ರ ದಶಕದ ಶುರುವಿನವರೆಗೆ 154 ಇತ್ತು. ಏಪ್ರಿಲ್ ಹೊತ್ತಿಗೆ ಶುರುವಾದರೆ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚು ಕಮ್ಮಿ ದಿನಾ ಆಟ. ಹಬ್ಬದ ಹಾಗೆ ವರ್ಷಕ್ಕೊಮ್ಮೆ ಬರುವುದಲ್ಲ ಇದು, ದಿನದ ಅಡುಗೆ ಇದ್ದ ಹಾಗೆ. ಇದು ತಲೆಗೆ ಹತ್ತಿದರೆ ಇಲ್ಲಿನ ದಾಖಲೆಗಳು ಯಾಕೆ ಇಷ್ಟು ದೊಡ್ಡವು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹತ್ತು ಸಲಕ್ಕೆ ಮೂರು ಸಲ ಹೊಡೆದವರನ್ನೇ ದೊಡ್ಡ ಆಟಗಾರ ಅನ್ನುತ್ತಾರಂತೆ. ಹೌದಾ?

ಹೌದು. ದುಂಡಗಿನ ಬ್ಯಾಟು, ದುಂಡಗಿನ ಚೆಂಡು. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ನೆಲಕ್ಕೆ ಬಡಿಯುವುದೇ ಇಲ್ಲ, ಗಾಳಿಯಲ್ಲೇ ತಿರುಗುತ್ತದೆ. ಹೊಡೆದ ಮೇಲೂ ಎದುರಿಗೆ ಗ್ಲೌಸ್ ಹಾಕಿಕೊಂಡವರು ಕಾಯುತ್ತಿರುತ್ತಾರೆ. ಸರಾಸರಿಯನ್ನು ಸಾವಿರ ಅವಕಾಶಕ್ಕೆ ಇಷ್ಟು ಹಿಟ್ ಅಂತ ಲೆಕ್ಕ ಹಾಕುತ್ತಾರೆ. ಸಾವಿರಕ್ಕೆ 300 ಬಂದರೆ ಬಹಳ ಒಳ್ಳೆಯ ಆಟಗಾರ.

ಬೋಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ 1941ರಲ್ಲಿ 406 ತಲುಪಿದರು. ಅಮೆರಿಕದ ಅತಿ ದೊಡ್ಡ ಮಟ್ಟವಾದ ಮೇಜರ್ ಲೀಗ್‌ನ ಎರಡು ಭಾಗ, ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಅದಾದ ಮೇಲೆ ಒಂದು ಇಡೀ ಸೀಸನ್‌ಗೆ ಯಾರೂ 400 ಮುಟ್ಟಿಲ್ಲ. ಆದರೆ ನನಗೆ ಆ ಅಂಕಿಗಿಂತ ಅದು ಬಂದ ರೀತಿ ಇಷ್ಟ. ಸೀಸನ್‌ನ ಕೊನೆಯ ದಿನ, ಸೆಪ್ಟೆಂಬರ್ 28ರ ಬೆಳಿಗ್ಗೆ, ಅವರ ಸರಾಸರಿ 399.55 ಇತ್ತು. ದಾಖಲೆ ಪುಸ್ತಕದಲ್ಲಿ ಅದು 400 ಅಂತಲೇ ಬರುತ್ತಿತ್ತು. ಬೇಕಾದರೆ ಇವತ್ತು ಆಡಬೇಡ, ಕೂತುಕೋ ಅಂತ ಮ್ಯಾನೇಜರ್ ಜೋ ಕ್ರೋನಿನ್ ಹೇಳಿದರು. ವಿಲಿಯಮ್ಸ್ ಒಪ್ಪಲಿಲ್ಲ. ಆಗ ಅವರಿಗೆ 23 ವರ್ಷ. ಅವತ್ತು ಫಿಲಡೆಲ್ಫಿಯಾದಲ್ಲಿ ಒಂದೇ ದಿನ ಎರಡು ಪಂದ್ಯ. ಎರಡನ್ನೂ ಆಡಿದರು. ಎಂಟು ಅವಕಾಶದಲ್ಲಿ ಆರು ಹಿಟ್. 400 ಇದ್ದದ್ದು 406 ಆಯಿತು.

ಮುರಿಯಲಾಗದ ದಾಖಲೆ ಅಂದರೆ ಎಲ್ಲರೂ 56 ಅನ್ನುತ್ತಾರಲ್ಲ, ಏನದು?

ಅದೂ 1941ರದ್ದೇ. ಎಂಥಾ ಬೇಸಿಗೆ ಅದು ಅಲ್ವಾ! ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮ್ಯಾಜಿಯೊ ಮೇ 15ರಿಂದ ಜುಲೈ 16ರವರೆಗೆ ಸತತ 56 ಪಂದ್ಯಗಳಲ್ಲಿ ಕನಿಷ್ಠ ಒಂದಾದರೂ ಹಿಟ್ ಹೊಡೆದರು. ದಿನಕ್ಕೆ ಒಂದು ಹಿಟ್ ಏನು ಮಹಾ ಅನ್ನಿಸಬಹುದು. ಒಂದು ಪಂದ್ಯದಲ್ಲಿ ಸಿಗುವುದು ನಾಲ್ಕು ಅಥವಾ ಐದು ಅವಕಾಶ. ಚೆನ್ನಾಗಿ ಹೊಡೆದರೂ ಫೀಲ್ಡರ್ ಕೈಗೆ ನೇರವಾಗಿ ಹೋಗಬಹುದು. ಒಂದು ದಿನ ಹೊಟ್ಟೆ ಸರಿ ಇಲ್ಲದಿದ್ದರೂ ಮುಗಿಯಿತು. ಎರಡು ತಿಂಗಳು ಅಂಥ ಒಂದು ದಿನವೂ ಬರಬಾರದು.

ಜೂನ್ 29ರಂದು ವಾಷಿಂಗ್ಟನ್‌ನಲ್ಲಿ ಅವರು ಜಾರ್ಜ್ ಸಿಸ್ಲರ್ ಅವರ 41 ಪಂದ್ಯಗಳ ದಾಖಲೆ ಮುರಿಯಬೇಕಿತ್ತು. ಅವತ್ತೂ ಎರಡು ಪಂದ್ಯ. ಮೊದಲನೆಯದು ಮುಗಿದು ಎರಡನೆಯದು ಶುರುವಾಗುವಷ್ಟರಲ್ಲಿ ಯಾರೋ ಅವರ ಬ್ಯಾಟನ್ನೇ ಕದ್ದುಬಿಟ್ಟರು! ತಂಡದವರ ಹತ್ತಿರ ಇದ್ದ ಬ್ಯಾಟ್ ಇಸಿದುಕೊಂಡು ಆಡಿದರು. ಹಿಟ್ ಬಂತು.

ಜುಲೈ 17ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಆ ಸರಣಿ ನಿಂತಿತು. 67 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮೂರನೇ ಬೇಸ್‌ನಲ್ಲಿದ್ದ ಕೆನ್ ಕೆಲ್ಟ್‌ನರ್ ಎರಡು ಸಲ ಗೆರೆಯ ಪಕ್ಕ ಹೋಗುತ್ತಿದ್ದ ಚೆಂಡನ್ನು ಅಡ್ಡಗೈಯಲ್ಲಿ ಹಿಡಿದು ಎಸೆದರು. ಅಷ್ಟೇ. ಮಾರನೇ ದಿನದಿಂದ ಡಿಮ್ಯಾಜಿಯೊ ಮತ್ತೆ 16 ಪಂದ್ಯ ಸತತವಾಗಿ ಹಿಟ್ ಹೊಡೆದರು. ಅಂದರೆ 73 ಪಂದ್ಯಗಳಲ್ಲಿ 72. ಅದಾದ ಮೇಲೆ ಹತ್ತಿರ ಬಂದವರು ಪೀಟ್ ರೋಸ್. 1978ರಲ್ಲಿ 44ಕ್ಕೆ ನಿಂತರು. ಹತ್ತಿರ ಅಂದರೂ ಇನ್ನೂ ಹನ್ನೆರಡು ಪಂದ್ಯ ದೂರ.

ಒಂದು ದಿನವೂ ರಜೆ ಹಾಕದ ಆಟಗಾರ ಯಾರು?

ಬಾಲ್ಟಿಮೋರ್ ಓರಿಯೋಲ್ಸ್‌ನ ಕ್ಯಾಲ್ ರಿಪ್ಕನ್ ಜೂನಿಯರ್. ಸತತ 2,632 ಪಂದ್ಯ. 1982ರ ಮೇ 30ರಿಂದ 1998ರ ಸೆಪ್ಟೆಂಬರ್‌ವರೆಗೆ. ಹದಿನಾರು ವರ್ಷ. ನನ್ನನ್ನು ಕೇಳಿದರೆ ಬೇಸ್‌ಬಾಲ್‌ನ ಎಲ್ಲ ದಾಖಲೆಗಳಲ್ಲಿ ಇದೇ ದೊಡ್ಡದು. ಹೋಮ್ ರನ್ ಹೊಡೆಯಲು ದೇವರು ಕೊಟ್ಟ ತೋಳು ಬೇಕು. ದಿನಾ ಎದ್ದು ಕೆಲಸಕ್ಕೆ ಹೋಗುವುದು ಏನು ಅಂತ ನಮಗೆಲ್ಲ ಗೊತ್ತು. ಅದಕ್ಕೇ ಈ ದಾಖಲೆ ಜನರ ಎದೆಗೆ ತಟ್ಟಿತು.

ಅವರು ಮುರಿದದ್ದು ಲೂ ಗೆಹ್ರಿಗ್ ಅವರ ದಾಖಲೆ. ಗೆಹ್ರಿಗ್ ಕಥೆ ಹೇಳದೆ ಇದು ಪೂರ್ತಿ ಆಗುವುದಿಲ್ಲ. ಯಾಂಕೀಸ್‌ನ ಗೆಹ್ರಿಗ್ 1925ರ ಜೂನ್ 1ರಿಂದ ಸತತ 2,130 ಪಂದ್ಯ ಆಡಿದ್ದರು. ಕಬ್ಬಿಣದ ಕುದುರೆ ಅಂತಲೇ ಹೆಸರು. 1939ರ ಹೊತ್ತಿಗೆ ಮೈಯಲ್ಲಿ ಶಕ್ತಿ ಸೋರಿಹೋಗತೊಡಗಿತು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಮೇ 2ರಂದು ಡೆಟ್ರಾಯ್ಟ್‌ನಲ್ಲಿ ತಾವೇ ಮ್ಯಾನೇಜರ್ ಹತ್ತಿರ ಹೋಗಿ, ಇವತ್ತು ನನ್ನನ್ನು ಕೂರಿಸಿ ಅಂದರು. ಆಮೇಲೆ ಗೊತ್ತಾಯಿತು, ನರಗಳನ್ನು ಕೊಲ್ಲುವ ಎಎಲ್‌ಎಸ್ ಕಾಯಿಲೆ ಅಂತ. ಅಮೆರಿಕದಲ್ಲಿ ಇವತ್ತಿಗೂ ಅದನ್ನು ಲೂ ಗೆಹ್ರಿಗ್ ಕಾಯಿಲೆ ಅನ್ನುತ್ತಾರೆ. ಅದೇ ವರ್ಷ ಜುಲೈ 4ರಂದು ಯಾಂಕೀ ಕ್ರೀಡಾಂಗಣದಲ್ಲಿ, 61 ಸಾವಿರಕ್ಕೂ ಹೆಚ್ಚು ಜನರ ಮುಂದೆ ನಿಂತು, ಈ ಭೂಮಿಯ ಮೇಲೆ ನನ್ನಷ್ಟು ಅದೃಷ್ಟವಂತ ಇಲ್ಲ ಅಂತ ಹೇಳಿದರು. ಸಾವು ಎದುರಿಗಿದೆ ಅಂತ ಗೊತ್ತಿದ್ದ ಮನುಷ್ಯ. ಎರಡು ವರ್ಷ ತುಂಬುವ ಮೊದಲೇ, 37ನೇ ವಯಸ್ಸಿನಲ್ಲಿ ತೀರಿಕೊಂಡರು.

56 ವರ್ಷ ಆ ದಾಖಲೆ ಹಾಗೇ ಇತ್ತು. 1995ರ ಸೆಪ್ಟೆಂಬರ್ 6, ಬಾಲ್ಟಿಮೋರ್‌ನ ಕ್ಯಾಮ್ಡೆನ್ ಯಾರ್ಡ್ಸ್. ಮೈದಾನದ ಆಚೆ ಇಟ್ಟಿಗೆಯ ಹಳೇ ಗೋದಾಮು. ಅದರ ಗೋಡೆ ಮೇಲೆ ಎತ್ತರದ ಬಟ್ಟೆಗಳಲ್ಲಿ ಅಂಕಿಗಳನ್ನು ತೂಗುಹಾಕಿದ್ದರು. ಐದನೇ ಇನ್ನಿಂಗ್ಸ್ ಅರ್ಧಕ್ಕೆ ಪಂದ್ಯ ಲೆಕ್ಕಕ್ಕೆ ಬರುತ್ತದೆ. ಆಗ 2,130 ಹೋಗಿ 2,131 ಬಂತು. ಚಪ್ಪಾಳೆ 22 ನಿಮಿಷ ನಿಲ್ಲಲಿಲ್ಲ. ತಂಡದವರು ರಿಪ್ಕನ್ ಅವರನ್ನು ತಳ್ಳಿ ಮೈದಾನಕ್ಕೆ ಕಳಿಸಿದರು. ಅವರು ಬೇಲಿಯುದ್ದಕ್ಕೂ ಓಡುತ್ತಾ ಜನರ ಕೈ ಮುಟ್ಟಿಕೊಂಡು ಹೋದರು. ಗೆಹ್ರಿಗ್ ಜೊತೆ ಆಡಿದ್ದ ಡಿಮ್ಯಾಜಿಯೊ ಕೂಡ ಅವತ್ತು ಅಲ್ಲಿದ್ದರು. ಅದರ ಹಿಂದಿನ ವರ್ಷ ಆಟಗಾರರ ಮುಷ್ಕರದಿಂದ, ವರ್ಷದ ಕೊನೆಯ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸೇ ರದ್ದಾಗಿತ್ತು. ಜನ ಬೇಸತ್ತಿದ್ದರು. ಆ ರಾತ್ರಿ ಅವರನ್ನು ಮೈದಾನಕ್ಕೆ ವಾಪಸ್ ಕರೆತಂದಿತು ಅಂತ ನಾನು ನಂಬುತ್ತೇನೆ.

ಹೋಮ್ ರನ್ ದಾಖಲೆ ಯಾರದ್ದು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಪುಸ್ತಕದ ಪ್ರಕಾರ ಬ್ಯಾರಿ ಬಾಂಡ್ಸ್ ಅವರದ್ದು. ಒಟ್ಟು 762. ಒಂದು ಸೀಸನ್‌ಗೆ 73, ಅದು 2001ರಲ್ಲಿ. ಆದರೆ ಆ ಕಾಲ ಸ್ಟೀರಾಯ್ಡ್ ಕಾಲ. ಬಾಂಡ್ಸ್ ಮೇಲೂ ಆ ನೆರಳು ಇದೆ. ಮಹಾನ್ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಪತ್ರಕರ್ತರ ಮತ ಶೇಕಡಾ 75 ಬೇಕು. ಹತ್ತು ವರ್ಷ ಹೆಸರು ಮತಪತ್ರದಲ್ಲಿದ್ದರೂ 2022ರ ಕೊನೆಯ ಅವಕಾಶದಲ್ಲೂ ಅವರಿಗೆ ಅದು ಸಿಗಲಿಲ್ಲ.

ಹಿಂದಿನಿಂದ ಬಂದರೆ, ಬೇಬ್ ರೂತ್ 1927ರಲ್ಲಿ 60 ಹೊಡೆದರು. ಆ ವರ್ಷ ಅಮೆರಿಕನ್ ಲೀಗ್‌ನ ಬೇರೆ ಯಾವ ತಂಡವೂ ಇಡೀ ತಂಡ ಸೇರಿ ಅಷ್ಟು ಹೊಡೆದಿರಲಿಲ್ಲ! 1961ರಲ್ಲಿ ರೋಜರ್ ಮ್ಯಾರಿಸ್ 61 ಮಾಡಿದರು. ಪಾಪ, ಅವರಿಗೆ ಅದು ಖುಷಿ ಕೊಡಲೇ ಇಲ್ಲ. ರೂತ್ ದಾಖಲೆ ಮುರಿಯುವುದು ಜನಕ್ಕೆ ಬೇಕಿರಲಿಲ್ಲ. ಒತ್ತಡಕ್ಕೆ ತಲೆಕೂದಲು ಉದುರಿತು. 61ನೆಯದು ಬಂದ ದಿನ ಯಾಂಕೀ ಕ್ರೀಡಾಂಗಣದಲ್ಲಿ ಇದ್ದವರು 23 ಸಾವಿರ ಚಿಲ್ಲರೆ ಜನ. 2022ರಲ್ಲಿ ಆರನ್ ಜಡ್ಜ್ 61 ಹೊಡೆದು ಸಮ ಮಾಡಿದಾಗ, ಮ್ಯಾರಿಸ್ ಮಗ ಅಲ್ಲೇ ಕೂತು ಚಪ್ಪಾಳೆ ತಟ್ಟಿದರು. ಆಮೇಲೆ ಜಡ್ಜ್ 62 ಹೊಡೆದು ಅಮೆರಿಕನ್ ಲೀಗ್ ದಾಖಲೆ ಮುರಿದರು.

ಆದರೆ ಹೋಮ್ ರನ್ ಅಂದರೆ ನನ್ನ ಮನಸ್ಸಿಗೆ ಬರುವ ಹೆಸರು ಹ್ಯಾಂಕ್ ಆರನ್. ಅಲಬಾಮಾದ ಮೊಬೈಲ್ ಊರಿನವರು. ಒಂದೇ ಒಂದು ಸೀಸನ್‌ನಲ್ಲೂ 50 ಹೊಡೆಯಲಿಲ್ಲ. ಜಾಸ್ತಿ ಅಂದರೆ 47. ವರ್ಷಾ ವರ್ಷಾ ಮೂವತ್ತು, ನಲವತ್ತು ಅಂತ ಸೇರಿಸುತ್ತಲೇ ಹೋದರು. 1973ರ ಸೀಸನ್ ಮುಗಿದಾಗ 713. ರೂತ್ ಅವರ 714ಕ್ಕೆ ಒಂದು ಕಮ್ಮಿ. ಇಡೀ ಚಳಿಗಾಲ ಕಾಯಬೇಕಾಯಿತು. ಆ ಹೊತ್ತಿಗೆ ಅವರಿಗೆ ರಾಶಿ ರಾಶಿ ಕಾಗದ ಬರುತ್ತಿದ್ದವು. ಎಷ್ಟೋ ಕಾಗದಗಳಲ್ಲಿ ಕೊಲೆ ಬೆದರಿಕೆ. ಕಪ್ಪು ಮನುಷ್ಯನೊಬ್ಬ ರೂತ್ ಅವರನ್ನು ದಾಟಬಾರದು ಅಂತ. ಆ ಕಾಗದಗಳನ್ನು ಆರನ್ ಎಸೆಯಲಿಲ್ಲ, ಇಟ್ಟುಕೊಂಡರು.

1974ರ ಏಪ್ರಿಲ್ 8, ಅಟ್ಲಾಂಟಾ. ನಾಲ್ಕನೇ ಇನ್ನಿಂಗ್ಸ್. ಡಾಡ್ಜರ್ಸ್‌ನ ಅಲ್ ಡೌನಿಂಗ್ ಎಸೆದ ಚೆಂಡು ಎಡಗಡೆ ಬೇಲಿ ದಾಟಿತು. 715. ಇಬ್ಬರು ಹುಡುಗರು ಮೈದಾನಕ್ಕೆ ನುಗ್ಗಿ ಅವರ ಜೊತೆ ಓಡಿದರು. ಬೆದರಿಕೆಗಳ ನಡುವೆ ಅದು ಎಂಥಾ ಕ್ಷಣ ಅಂತ ಯೋಚಿಸಿ. ಹುಡುಗರು ಬೆನ್ನು ತಟ್ಟಿ ಹೋದರು ಅಷ್ಟೇ. ಕೊನೆಯ ಬೇಸ್‌ನಲ್ಲಿ ಅವರ ತಾಯಿ ಬಂದು ಗಟ್ಟಿಯಾಗಿ ಅಪ್ಪಿಕೊಂಡರು. ಕಾಮೆಂಟರಿ ಹೇಳುತ್ತಿದ್ದ ವಿನ್ ಸ್ಕಲ್ಲಿ ಹೋಮ್ ರನ್ ಆದ ಮೇಲೆ ಬಹಳ ಹೊತ್ತು ಬಾಯೇ ಬಿಡಲಿಲ್ಲ. ಜನರ ಸದ್ದನ್ನು ಕೇಳಲು ಬಿಟ್ಟರು. ಆಮೇಲೆ, ದಕ್ಷಿಣದ ಈ ಊರಲ್ಲಿ ಜನ ಎದ್ದು ನಿಂತು ಒಬ್ಬ ಕಪ್ಪು ಮನುಷ್ಯನಿಗೆ ಚಪ್ಪಾಳೆ ತಟ್ಟುತ್ತಿದ್ದಾರೆ ಅನ್ನುವ ಅರ್ಥದ ಮಾತು ಹೇಳಿದರು.

ಆರನ್ ಮುಗಿಸಿದ್ದು 755ಕ್ಕೆ. ಒಂದು ಲೆಕ್ಕ ಹೇಳುತ್ತೇನೆ. ಅವರ ಎಲ್ಲ ಹೋಮ್ ರನ್‌ಗಳನ್ನೂ ತೆಗೆದುಹಾಕಿದರೂ ಇನ್ನೂ 3,016 ಹಿಟ್ ಉಳಿಯುತ್ತವೆ. 3,000 ಹಿಟ್ ಅಂದರೆ ಅದೊಂದೇ ಹಾಲ್ ಆಫ್ ಫೇಮ್‌ಗೆ ಸಾಕಾಗುವ ಸಾಧನೆ.

ಎಲ್ಲ ಆಟಗಾರರೂ ಒಂದು ದಿನ 42ನೇ ನಂಬರ್ ಹಾಕಿಕೊಳ್ಳುತ್ತಾರಲ್ಲ, ಯಾಕೆ?

1947ರ ಏಪ್ರಿಲ್ 15ಕ್ಕೆ ಮೊದಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಪ್ಪು ಆಟಗಾರರಿಗೆ ದೊಡ್ಡ ಲೀಗ್‌ಗಳ ಬಾಗಿಲು ಮುಚ್ಚಿತ್ತು. ಬರೆದಿಟ್ಟ ಕಾನೂನು ಇರಲಿಲ್ಲ. ಎಲ್ಲರೂ ಒಳಗೊಳಗೇ ಮಾಡಿಕೊಂಡ ಒಪ್ಪಂದ. ಬ್ರೂಕ್ಲಿನ್ ಡಾಡ್ಜರ್ಸ್‌ನ ಬ್ರಾಂಚ್ ರಿಕಿ ಅದನ್ನು ಮುರಿದು ಜ್ಯಾಕಿ ರಾಬಿನ್‌ಸನ್ ಅವರನ್ನು ಕರೆತಂದರು. ಬೈಗುಳ, ತಲೆಗೆ ಗುರಿಯಿಟ್ಟ ಚೆಂಡು, ಹೋಟೆಲ್‌ಗಳಲ್ಲಿ ಜಾಗ ಇಲ್ಲ ಅನ್ನುವ ಮಾತು. ಎಲ್ಲ ಸಹಿಸಿಕೊಂಡು ಆಡಿದರು. ಆ ವರ್ಷವೇ ಮೊದಲ ಸಲ ಕೊಟ್ಟ ವರ್ಷದ ಹೊಸ ಆಟಗಾರ ಪ್ರಶಸ್ತಿ ಅವರಿಗೇ ಬಂತು. 1997ರಲ್ಲಿ ಎಲ್ಲ ತಂಡಗಳೂ 42 ಅನ್ನು ಅವರಿಗೆ ಅಂತ ಎತ್ತಿಟ್ಟವು. ಈಗ ಏಪ್ರಿಲ್ 15ರಂದು ಮಾತ್ರ ಎಲ್ಲರ ಬೆನ್ನ ಮೇಲೂ ಅದೇ ನಂಬರ್.

ಈ ಕಥೆಗೆ ನೋವಿನ ಇನ್ನೊಂದು ಮಗ್ಗುಲಿದೆ. ಕಪ್ಪು ಆಟಗಾರರು ಬೇರೆಯಾಗಿ ಆಡುತ್ತಿದ್ದ ನೀಗ್ರೋ ಲೀಗ್‌ಗಳ ಮಹಾ ಬ್ಯಾಟರ್ ಜೋಶ್ ಗಿಬ್ಸನ್ 1947ರ ಜನವರಿಯಲ್ಲಿ, 35ನೇ ವಯಸ್ಸಿಗೇ ತೀರಿಕೊಂಡರು. ರಾಬಿನ್‌ಸನ್ ಮೈದಾನಕ್ಕೆ ಇಳಿಯಲು ಇನ್ನು ಮೂರೇ ತಿಂಗಳು ಇತ್ತು. 2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಆ ಲೀಗ್‌ಗಳ ಅಂಕಿಗಳನ್ನೂ ತನ್ನ ದಾಖಲೆಗೆ ಸೇರಿಸಿಕೊಂಡಿತು. ಎಷ್ಟೋ ದಶಕ ಮೊದಲನೇ ಸಾಲಿನಲ್ಲಿದ್ದ ಟೈ ಕಾಬ್ ಕೆಳಗಿಳಿದು, ಜೀವಮಾನದ ಸರಾಸರಿಯಲ್ಲಿ ಗಿಬ್ಸನ್ ಹೆಸರು ಮೇಲೆ ಬಂತು. ಅವರ 1943ರ ಸೀಸನ್‌ನ 466 ಕೂಡ ಪಟ್ಟಿಯ ತುದಿಗೆ ಹೋಯಿತು. ಕೆಲವರು ಇದಕ್ಕೆ ಗೊಣಗಿದರು. ನನಗಂತೂ ಇದು ತಡವಾಗಿ ತೀರಿಸಿದ ಸಾಲ.

ಪರ್ಫೆಕ್ಟ್ ಗೇಮ್ ಅಂದರೆ ಏನು?

ಒಬ್ಬ ಪಿಚರ್ 27 ಬ್ಯಾಟರ್‌ಗಳನ್ನೂ ಸಾಲಾಗಿ ಔಟ್ ಮಾಡುವುದು. ಒಬ್ಬನೂ ಬೇಸ್ ಮುಟ್ಟಬಾರದು. ಅನಿಲ್ ಕುಂಬ್ಳೆ 1999ರಲ್ಲಿ ದಿಲ್ಲಿಯಲ್ಲಿ ಒಂದೇ ಇನ್ನಿಂಗ್ಸ್‌ನಲ್ಲಿ ಹತ್ತು ವಿಕೆಟ್ ತೆಗೆದಾಗ ನಾವು ಉಸಿರು ಹಿಡಿದು ಕೂತಿದ್ದೆವಲ್ಲ, ಅಂಥದ್ದೇ ಅಪರೂಪ. ಮೇಜರ್ ಲೀಗ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪಂದ್ಯ ನಡೆದಿವೆ. 2023ರ ಜೂನ್‌ನಲ್ಲಿ ಡೊಮಿಂಗೊ ಹೆರ್ಮಾನ್ ಮಾಡಿದ್ದು 24ನೆಯದು.

ವರ್ಲ್ಡ್ ಸೀರೀಸ್‌ನಲ್ಲಿ ಆಗಿರುವುದು ಒಂದೇ ಒಂದು. 1956ರ ಅಕ್ಟೋಬರ್ 8, ಯಾಂಕೀಸ್‌ನ ಡಾನ್ ಲಾರ್ಸನ್. ದೊಡ್ಡ ಹೆಸರಿನ ಪಿಚರ್ ಅಲ್ಲ. ಅದೇ ಸೀರೀಸ್‌ನ ಎರಡನೇ ಪಂದ್ಯದಲ್ಲಿ ಎರಡು ಇನ್ನಿಂಗ್ಸ್ ಕೂಡ ಉಳಿಯದೆ ವಾಪಸ್ ಹೋಗಿದ್ದರು. ಐದನೇ ಪಂದ್ಯದಲ್ಲಿ 97 ಎಸೆತ, 27 ಔಟ್. ಕ್ಯಾಚರ್ ಯೋಗಿ ಬೆರಾ ಓಡಿ ಬಂದು ಅವರ ಮೇಲೆ ಹಾರಿ, ಮಗುವಿನ ಹಾಗೆ ನೇತುಬಿದ್ದ ಫೋಟೊ ನೀವೂ ನೋಡಿರಬಹುದು.

ಅಂಪೈರ್ ತಪ್ಪಿನಿಂದ ಪರ್ಫೆಕ್ಟ್ ಗೇಮ್ ತಪ್ಪಿಹೋಯಿತಂತೆ?

2010ರ ಜೂನ್ 2, ಡೆಟ್ರಾಯ್ಟ್. ವೆನೆಜುವೆಲಾದ ಹುಡುಗ ಅರ್ಮಾಂಡೊ ಗಲಾರಾಗ 26 ಜನರನ್ನು ಔಟ್ ಮಾಡಿದ್ದರು. 27ನೆಯವರು ಹೊಡೆದ ಚೆಂಡನ್ನು ಫೀಲ್ಡರ್ ಹಿಡಿದು ಎಸೆದರು. ಗಲಾರಾಗ ತಾವೇ ಓಡಿ ಬಂದು ಮೊದಲ ಬೇಸ್‌ನಲ್ಲಿ ಚೆಂಡು ಹಿಡಿದರು. ಬ್ಯಾಟರ್ ಒಂದು ಹೆಜ್ಜೆ ಹಿಂದೆ ಇದ್ದರು. ಸ್ಪಷ್ಟವಾಗಿ ಔಟ್. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ ಔಟ್ ಇಲ್ಲ ಅಂದುಬಿಟ್ಟರು.

ಗಲಾರಾಗ ಏನು ಮಾಡಿದರು ಗೊತ್ತಾ? ನಕ್ಕರು. ಜಗಳಕ್ಕೆ ಹೋಗಲಿಲ್ಲ. ವಾಪಸ್ ಹೋಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿ ಪಂದ್ಯ ಮುಗಿಸಿದರು.

ಜಾಯ್ಸ್ ಒಳಗೆ ಹೋಗಿ ವಿಡಿಯೊ ನೋಡಿದರು. ತಪ್ಪು ತಮ್ಮದೇ ಅಂತ ಎಲ್ಲರ ಮುಂದೆ ಒಪ್ಪಿಕೊಂಡು, ಗಲಾರಾಗ ಹತ್ತಿರ ಅಳುತ್ತಾ ಕ್ಷಮೆ ಕೇಳಿದರು. ಮಾರನೇ ದಿನವೂ ಅವರದ್ದೇ ಅಂಪೈರಿಂಗ್. ರಜೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಪಂದ್ಯಕ್ಕೆ ಮುಂಚೆ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡುವುದು ಪದ್ಧತಿ. ಅವತ್ತು ಡೆಟ್ರಾಯ್ಟ್ ತಂಡ ಪಟ್ಟಿ ಕೊಡಲು ಗಲಾರಾಗ ಅವರನ್ನೇ ಕಳಿಸಿತು. ಜಾಯ್ಸ್ ಕಣ್ಣು ಒರೆಸಿಕೊಂಡು ಅವರ ಭುಜ ತಟ್ಟಿದರು. ದಾಖಲೆ ಪುಸ್ತಕದಲ್ಲಿ ಅದು ಇವತ್ತಿಗೂ ಪರ್ಫೆಕ್ಟ್ ಗೇಮ್ ಅಲ್ಲ. ಇಂಥ ತೀರ್ಪುಗಳನ್ನು ವಿಡಿಯೊ ನೋಡಿ ತಿದ್ದುವ ನಿಯಮ ಬಂದದ್ದು 2014ರಲ್ಲಿ. ನನಗೆ ಮಾತ್ರ ಪುಸ್ತಕದಲ್ಲಿರುವ 24 ಪರ್ಫೆಕ್ಟ್ ಗೇಮ್‌ಗಳಿಗಿಂತ ಇದೇ ಜಾಸ್ತಿ ನೆನಪಿನಲ್ಲಿದೆ.

ಅತಿ ಉದ್ದದ ಪಂದ್ಯ ಯಾವುದು?

ಇದು ಮೇಜರ್ ಲೀಗ್‌ನದ್ದಲ್ಲ, ಅದರ ಕೆಳಗಿನ ಮೈನರ್ ಲೀಗ್‌ನದ್ದು. ರೋಡ್ ಐಲ್ಯಾಂಡ್ ರಾಜ್ಯದ ಪಾಟಕೆಟ್ ಊರು. 1981ರ ಏಪ್ರಿಲ್ 18, ಈಸ್ಟರ್ ಹಿಂದಿನ ರಾತ್ರಿ. ಪಾಟಕೆಟ್ ರೆಡ್ ಸಾಕ್ಸ್ ಮತ್ತು ರಾಚೆಸ್ಟರ್ ರೆಡ್ ವಿಂಗ್ಸ್ ನಡುವೆ ಆಟ. ಒಂಬತ್ತು ಇನ್ನಿಂಗ್ಸ್ ಮುಗಿದಾಗ 1-1. ಆಮೇಲೆ ನಿಲ್ಲಲೇ ಇಲ್ಲ. 21ನೇ ಇನ್ನಿಂಗ್ಸ್‌ನಲ್ಲಿ ರಾಚೆಸ್ಟರ್ ಒಂದು ರನ್ ಮಾಡಿತು. ಸದ್ಯ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಪಾಟಕೆಟ್‌ನ ವೇಡ್ ಬಾಗ್ಸ್ ಹೊಡೆದು ಮತ್ತೆ ಸಮ ಮಾಡಿದರು.

ಕೊರೆಯುವ ಚಳಿ, ಎದುರು ಗಾಳಿ. ಆಟಗಾರರು ಮುರಿದ ಬ್ಯಾಟುಗಳಿಗೆ ಬೆಂಕಿ ಹಚ್ಚಿ ಮೈ ಕಾಯಿಸಿಕೊಂಡರು. ರಾತ್ರಿ ಇಂತಿಷ್ಟು ಹೊತ್ತಿಗೆ ನಿಲ್ಲಿಸಬೇಕು ಅನ್ನುವ ನಿಯಮ ಅಂಪೈರ್‌ಗಳ ಕೈಯಲ್ಲಿದ್ದ ಪುಸ್ತಕದಲ್ಲಿ ಇರಲಿಲ್ಲ. ಕೊನೆಗೆ ಲೀಗ್ ಅಧ್ಯಕ್ಷರು ಫೋನಿಗೆ ಸಿಕ್ಕಿ ನಿಲ್ಲಿಸಿ ಅಂದ ಮೇಲೆ, 32 ಇನ್ನಿಂಗ್ಸ್ ಆದಾಗ, ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ ಆಟ ನಿಂತಿತು. ಶುರುವಿಗೆ 1,740 ಜನ ಇದ್ದರು. ಕೊನೆಗೆ ಉಳಿದವರು 19.

ಉಳಿದ ಆಟ ಜೂನ್ 23ಕ್ಕೆ. ಆ ಹೊತ್ತಿಗೆ ಮೇಜರ್ ಲೀಗ್ ಆಟಗಾರರು ಮುಷ್ಕರದಲ್ಲಿದ್ದರು. ಹಾಗಾಗಿ ದೇಶದ ಪತ್ರಕರ್ತರೆಲ್ಲ ಪಾಟಕೆಟ್‌ಗೇ ಬಂದರು. ಹದಿನೆಂಟೇ ನಿಮಿಷ! 33ನೇ ಇನ್ನಿಂಗ್ಸ್‌ನಲ್ಲಿ ಪಾಟಕೆಟ್ 3-2ರಿಂದ ಗೆದ್ದಿತು. ಒಟ್ಟು 8 ಗಂಟೆ 25 ನಿಮಿಷ. ರಾಚೆಸ್ಟರ್ ಕಡೆ ಮೂರನೇ ಬೇಸ್‌ನಲ್ಲಿ ಆಡಿದ ಇಪ್ಪತ್ತರ ಹುಡುಗ ಯಾರು ಗೊತ್ತಾ? ಕ್ಯಾಲ್ ರಿಪ್ಕನ್. ಮೊದಲಿಂದ ಕೊನೆತನಕ ಆಡಿದರು. ಆಮೇಲೆ ಹದಿನಾರು ವರ್ಷ ಒಂದು ದಿನವೂ ತಪ್ಪಿಸದವರು ಅವರೇ ಅನ್ನುವುದರಲ್ಲಿ ಆಶ್ಚರ್ಯ ಇಲ್ಲ.

ಮೇಜರ್ ಲೀಗ್‌ನಲ್ಲಿ ಜಾಸ್ತಿ ಅಂದರೆ 26 ಇನ್ನಿಂಗ್ಸ್. 1920ರ ಮೇ 1ರಂದು ಬ್ರೂಕ್ಲಿನ್ ಮತ್ತು ಬೋಸ್ಟನ್ ನಡುವೆ. ಎರಡೂ ಕಡೆ ಒಬ್ಬೊಬ್ಬರೇ ಪಿಚರ್ ಪೂರ್ತಿ ಎಸೆದರು. ಲಿಯಾನ್ ಕೆಡೋರ್ ಮತ್ತು ಜೋ ಓಶ್ಗರ್. ಕತ್ತಲಾಯಿತು, 1-1ಕ್ಕೆ ಡ್ರಾ. ಈಗ ಪ್ಲೇಆಫ್ ಬಿಟ್ಟು ಉಳಿದ ಪಂದ್ಯಗಳಲ್ಲಿ ಹತ್ತನೇ ಇನ್ನಿಂಗ್ಸ್‌ನಿಂದ ಎರಡನೇ ಬೇಸ್‌ನಲ್ಲಿ ಒಬ್ಬ ಓಟಗಾರನನ್ನು ನಿಲ್ಲಿಸಿಯೇ ಆಟ ಶುರು ಮಾಡುತ್ತಾರೆ. ಇಂಥ ರಾತ್ರಿಗಳು ಇನ್ನು ಬರುವುದು ಕಷ್ಟ.

ಇನ್ನು ಯಾವ ದಾಖಲೆಗಳು ಮುರಿಯುವುದಿಲ್ಲ?

ಪಿಚರ್ ಸೈ ಯಂಗ್ ಹೆಸರಿಗೆ ಬರೆದ 511 ಗೆಲುವು. ವರ್ಷಕ್ಕೆ 20ರಂತೆ 25 ವರ್ಷ ಗೆದ್ದರೂ 500 ಆಗುತ್ತದೆ ಅಷ್ಟೇ. ಈಗಿನ ಪಿಚರ್‌ಗಳು ವರ್ಷಕ್ಕೆ ಮೂವತ್ತು ಚಿಲ್ಲರೆ ಪಂದ್ಯ ಶುರು ಮಾಡುತ್ತಾರೆ, ಅವನ್ನೂ ಪೂರ್ತಿ ಎಸೆಯುವುದಿಲ್ಲ.

ಪಿಚರ್ ನೋಲನ್ ರಯನ್ ಅವರ 5,714 ಸ್ಟ್ರೈಕ್‌ಔಟ್. ಮೂರು ಒಳ್ಳೆಯ ಎಸೆತಕ್ಕೂ ಸರಿಯಾಗಿ ಹೊಡೆಯಲಾಗದೆ ಬ್ಯಾಟರ್ ಔಟಾಗುವುದೇ ಸ್ಟ್ರೈಕ್‌ಔಟ್. 27 ಸೀಸನ್ ಆಡಿದರು. ಒಂದೂ ಹಿಟ್ ಕೊಡದ ಏಳು ಪಂದ್ಯ. ಏಳನೆಯದು ಬಂದಾಗ ಅವರಿಗೆ 44 ವರ್ಷ.

ರಿಕಿ ಹೆಂಡರ್ಸನ್ ಕದ್ದ 1,406 ಬೇಸ್. ಹೊಡೆತಕ್ಕೆ ಕಾಯದೆ, ಪಿಚರ್ ಎಸೆಯುವ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿಬಿಡುವುದೇ ಬೇಸ್ ಕದಿಯುವುದು. ಎರಡನೇ ಸ್ಥಾನದಲ್ಲಿರುವ ಲೂ ಬ್ರಾಕ್ 938.

ಜಾನಿ ವ್ಯಾಂಡರ್ ಮೀರ್ 1938ರಲ್ಲಿ ಸಾಲಾಗಿ ಎರಡು ಪಂದ್ಯ ಒಂದೂ ಹಿಟ್ ಕೊಡದೆ ಎಸೆದರು. ಮುರಿಯಬೇಕಾದರೆ ಸಾಲಾಗಿ ಮೂರು ಮಾಡಬೇಕು.

ಇನ್ನೊಂದು ಇದೆ, ನನಗೆ ಬಹಳ ಇಷ್ಟ. ಮೂರೂ ಬೇಸ್ ತುಂಬಿದ್ದಾಗ ಹೊಡೆಯುವ ಹೋಮ್ ರನ್‌ಗೆ ಗ್ರ್ಯಾಂಡ್ ಸ್ಲಾಮ್ ಅನ್ನುತ್ತಾರೆ. ಫರ್ನಾಂಡೊ ಟಾಟಿಸ್ 1999ರ ಏಪ್ರಿಲ್ 23ರಂದು ಒಂದೇ ಇನ್ನಿಂಗ್ಸ್‌ನಲ್ಲಿ ಎರಡು ಹೊಡೆದರು. ಒಬ್ಬರೇ ಪಿಚರ್ ಎಸೆತಕ್ಕೆ.

ರೆಡ್ ಸಾಕ್ಸ್‌ಗೆ ಶಾಪ ಇತ್ತಂತೆ, ನಿಜವಾ?

ಶಾಪ ಅಂತ ಜನ ಮಾತಾಡಿಕೊಂಡದ್ದು ನಿಜ. 1918ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಬೋಸ್ಟನ್, 1919ರ ಕೊನೆಯಲ್ಲಿ ಬೇಬ್ ರೂತ್ ಅವರನ್ನು ಯಾಂಕೀಸ್‌ಗೆ ಮಾರಿಬಿಟ್ಟಿತು. 1918 ಆದ ಮೇಲೆ 86 ವರ್ಷ ಗೆಲ್ಲಲಿಲ್ಲ.

ಅದರ ಭಾರ ಬಿದ್ದದ್ದು ಬಿಲ್ ಬಕ್ನರ್ ಮೇಲೆ. 1986ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಗೆಲುವಿಗೆ ಒಂದೇ ಔಟ್ ಬಾಕಿ ಇತ್ತು. ಎದುರಾಳಿ ನ್ಯೂಯಾರ್ಕ್ ಮೆಟ್ಸ್ ಸಮ ಮಾಡಿತು. ಆಮೇಲೆ ಮೂಕಿ ವಿಲ್ಸನ್ ಹೊಡೆದ ಸಾದಾ ಚೆಂಡು ಬಕ್ನರ್ ಕಾಲ ಸಂದಿಯಲ್ಲಿ ನುಸುಳಿಹೋಯಿತು. ಜನ ಮರೆಯುವುದು ಇದನ್ನು: ಆ ಚೆಂಡು ಬರುವ ಮೊದಲೇ ಸ್ಕೋರ್ ಸಮ ಆಗಿತ್ತು, ಏಳನೇ ಪಂದ್ಯವೂ ಬಾಕಿ ಇತ್ತು. 2,715 ಹಿಟ್ ಹೊಡೆದ ಆಟಗಾರನನ್ನು ಒಂದು ಚೆಂಡಿಗೆ ಕಟ್ಟಿಹಾಕಿದ್ದು ಅನ್ಯಾಯ. 2008ರಲ್ಲಿ ಬೋಸ್ಟನ್ ಅವರನ್ನು ಕರೆದು ಮೊದಲ ಚೆಂಡು ಎಸೆಯಲು ಹೇಳಿತು. ಜನ ಎದ್ದು ನಿಂತರು. ಬಕ್ನರ್ ಕಣ್ಣೀರು ಒರೆಸಿಕೊಂಡರು.

2004ರಲ್ಲಿ ಗಂಟು ಬಿಚ್ಚಿತು. ಎದುರಿಗೆ ಅದೇ ಯಾಂಕೀಸ್. ವರ್ಲ್ಡ್ ಸೀರೀಸ್‌ಗೆ ಮುಂಚಿನ ಏಳು ಪಂದ್ಯಗಳ ಸರಣಿಯಲ್ಲಿ ಮೊದಲ ಮೂರೂ ಸೋಲು. ಮೂರನೆಯದಂತೂ 19-8. ನಾಲ್ಕನೆಯದರ ಒಂಬತ್ತನೇ ಇನ್ನಿಂಗ್ಸ್‌ನಲ್ಲೂ ಒಂದು ರನ್ ಹಿಂದೆ. ಓಡುವುದಕ್ಕೆ ಅಂತಲೇ ಡೇವ್ ರಾಬರ್ಟ್ಸ್ ಅವರನ್ನು ಇಳಿಸಿದರು. ಅವರು ಬೇಸ್ ಕದಿಯುತ್ತಾರೆ ಅಂತ ಮೈದಾನದಲ್ಲಿ ಎಲ್ಲರಿಗೂ ಗೊತ್ತು. ಆದರೂ ಕದ್ದರು, ಕೂದಲೆಳೆಯಲ್ಲಿ. ಬಿಲ್ ಮಿಲ್ಲರ್ ಹೊಡೆತಕ್ಕೆ ಓಡಿ ಬಂದು ಸಮ ಮಾಡಿದರು. 12ನೇ ಇನ್ನಿಂಗ್ಸ್‌ನಲ್ಲಿ ಡೇವಿಡ್ ಓರ್ಟೀಸ್ ಹೋಮ್ ರನ್. ಮುಂದಿನ ಮೂರನ್ನೂ ಗೆದ್ದು, ವರ್ಲ್ಡ್ ಸೀರೀಸನ್ನೂ 4-0 ಗೆದ್ದರು.

ಶಿಕಾಗೊ ಕಬ್ಸ್ ಇನ್ನೂ ಜಾಸ್ತಿ ಕಾದರು, 108 ವರ್ಷ. 2016ರಲ್ಲಿ ಏಳನೇ ಪಂದ್ಯ, ಒಂಬತ್ತು ಇನ್ನಿಂಗ್ಸ್‌ಗೆ ಸಮ, ಆಮೇಲೆ ಮಳೆ. ಹದಿನೇಳು ನಿಮಿಷದ ಮಳೆ ನಿಂತು ಹತ್ತನೇ ಇನ್ನಿಂಗ್ಸ್‌ನಲ್ಲಿ 8-7ರಿಂದ ಗೆದ್ದರು.

ಗಾಯವಾಗಿದ್ದರೂ ಬಂದು ಗೆಲ್ಲಿಸಿದವರು ಇದ್ದಾರಾ?

ಕರ್ಕ್ ಗಿಬ್ಸನ್. 1988ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಲಾಸ್ ಏಂಜಲೀಸ್. ಎರಡೂ ಕಾಲಿಗೆ ಪೆಟ್ಟು. ನಡೆಯುವುದೇ ಕಷ್ಟ. ಕೊನೆಯ ಇನ್ನಿಂಗ್ಸ್, ಎರಡು ಔಟ್, ಒಂದು ರನ್ ಹಿಂದೆ. ಎದುರಿಗೆ ಡೆನಿಸ್ ಎಕರ್ಸ್ಲಿ. ಗಿಬ್ಸನ್ ಕುಂಟುತ್ತಾ ಬಂದರು, ಬೇಲಿ ದಾಟಿಸಿದರು, ಮುಷ್ಟಿ ಬೀಸುತ್ತಾ ಕುಂಟುತ್ತಲೇ ನಾಲ್ಕೂ ಬೇಸ್ ಸುತ್ತಿದರು. ಆ ಸೀರೀಸ್‌ನಲ್ಲಿ ಅವರು ಬ್ಯಾಟ್ ಹಿಡಿದದ್ದು ಅದೊಂದೇ ಸಲ. ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಆಂಟಿಗಾದಲ್ಲಿ ಲಾರಾ ವಿಕೆಟ್ ತೆಗೆದ ಕುಂಬ್ಳೆಯನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಜಪಾನಿನವರ ದಾಖಲೆಗಳು?

ವೃತ್ತಿಪರ ಬೇಸ್‌ಬಾಲ್ ಅಂದರೆ ಅಮೆರಿಕ ಮಾತ್ರ ಅಲ್ಲ. ಯೊಮಿಯುರಿ ಜೈಂಟ್ಸ್‌ನ ಸದಾಹರು ಓ 868 ಹೋಮ್ ರನ್ ಹೊಡೆದಿದ್ದಾರೆ, ಬಾಂಡ್ಸ್‌ಗಿಂತ 106 ಜಾಸ್ತಿ. ಬಲಗಾಲನ್ನು ಕೊಕ್ಕರೆ ಥರ ಎತ್ತಿ ಒಂಟಿ ಕಾಲಲ್ಲಿ ನಿಂತು ಹೊಡೆಯುತ್ತಿದ್ದರು. ಅದಕ್ಕಾಗಿ ಕತ್ತಿ ಹಿಡಿದು ಅಭ್ಯಾಸ ಮಾಡಿದ್ದರು. ಇಚಿರೊ ಸುಜುಕಿ 2004ರಲ್ಲಿ ಸಿಯಾಟಲ್‌ಗೆ 262 ಹಿಟ್ ಹೊಡೆದು, 84 ವರ್ಷ ಹಳೆಯ 257ರ ದಾಖಲೆ ಮುರಿದರು.

ಇನ್ನು ಶೋಹೆ ಒಟಾನಿ. 2024ರಲ್ಲಿ 54 ಹೋಮ್ ರನ್, 59 ಕದ್ದ ಬೇಸ್. ಒಂದೇ ಸೀಸನ್‌ನಲ್ಲಿ ಎರಡೂ 50 ದಾಟಿದ ಮೊದಲಿಗರು. ದಾಟಿದ ದಿನ ಮಯಾಮಿಯಲ್ಲಿ ಆರು ಅವಕಾಶಕ್ಕೆ ಆರು ಹಿಟ್, ಅದರಲ್ಲಿ ಮೂರು ಹೋಮ್ ರನ್. ಮಾರನೇ ವರ್ಷದ ಅಕ್ಟೋಬರ್ 17ರಂದು, ಡಾಡ್ಜರ್ಸ್ ವರ್ಲ್ಡ್ ಸೀರೀಸ್‌ಗೆ ಹೋಗುವುದನ್ನು ಗಟ್ಟಿ ಮಾಡಿದ ಪಂದ್ಯದಲ್ಲಿ, ಪಿಚರ್ ಆಗಿ ಹತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ, ಬ್ಯಾಟರ್ ಆಗಿ ಮೂರು ಹೋಮ್ ರನ್ ಹೊಡೆದರು. ಇಂಥದ್ದು ಒಬ್ಬ ಮನುಷ್ಯನಿಂದ ಹಿಂದೆಂದೂ ಆಗಿರಲಿಲ್ಲ.

ಭಾರತದವರು ಯಾರಾದರೂ ಆಡಿದ್ದಾರಾ?

ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಉತ್ತರ ಪ್ರದೇಶದ ಹಳ್ಳಿಗಳ ಹುಡುಗರು, ಭರ್ಜಿ ಎಸೆಯುತ್ತಿದ್ದವರು. 2008ರಲ್ಲಿ ಒಂದು ಎಸೆತದ ಸ್ಪರ್ಧೆಯಿಂದ ಆಯ್ಕೆಯಾಗಿ, ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಮೈನರ್ ಲೀಗ್‌ನಲ್ಲಿ ಆಡಿದರು, ಮೇಜರ್ ಲೀಗ್‌ವರೆಗೆ ಹೋಗಲಾಗಲಿಲ್ಲ. ಅದಕ್ಕೆ ಮುಂಚೆ ಈ ಆಟವನ್ನೇ ಆಡಿರದವರು ಅವರು. ಅಷ್ಟು ದೂರ ಹೋದದ್ದೇ ದೊಡ್ಡದು.

ನಾನೀಗ ನೋಡಲು ಶುರು ಮಾಡಬೇಕು. ಹೇಗೆ?

ಬಾಕ್ಸ್ ಸ್ಕೋರ್ ಓದುವುದರಿಂದ ಶುರು ಮಾಡಿ. ಪಂದ್ಯದ ಲೆಕ್ಕವನ್ನೆಲ್ಲ ಒಂದು ಅಂಗೈಯಗಲದಲ್ಲಿ ಹಿಡಿದಿಡುವ ಪಟ್ಟಿ ಅದು. ಅದಕ್ಕೆ ರೂಪ ಕೊಟ್ಟವರು ಹೆನ್ರಿ ಚಾಡ್ವಿಕ್, ಇಂಗ್ಲೆಂಡ್‌ನಲ್ಲಿ ಹುಟ್ಟಿ, ನ್ಯೂಯಾರ್ಕ್‌ನಲ್ಲಿ ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಹಾಗಾಗಿ ಸ್ಕೋರ್‌ಕಾರ್ಡ್ ಓದಿ ರೂಢಿ ಇರುವ ನಮಗೆ ಅದು ಅಷ್ಟೇನೂ ಹೊಸದಲ್ಲ.

ಆಮೇಲೆ ಒಂದು ತಂಡ ಹಿಡಿಯಿರಿ. ಯಾವುದಾದರೂ ಸರಿ. ನಿಮ್ಮವರು ಇರುವ ಊರಿನ ತಂಡವಾದರೆ ಫೋನ್ ಮಾಡಿದಾಗ ಮಾತಿಗೂ ಆಗುತ್ತದೆ. ಅಮೆರಿಕದ ಪೂರ್ವ ತೀರದಲ್ಲಿ ಸಂಜೆ ಏಳಕ್ಕೆ ಶುರುವಾದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ಪಶ್ಚಿಮ ತೀರದ್ದಾದರೆ ಏಳೂವರೆ. ಎದ್ದು ಕಾಫಿ ಇಟ್ಟುಕೊಂಡು ಕೂತರೆ ಏಳನೇ ಇನ್ನಿಂಗ್ಸ್ ಹೊತ್ತಿಗೆ ತಿಂಡಿ ಆಗಿರುತ್ತದೆ. ಆ ದಿನ ಸೋತರೂ ಬೇಜಾರಿಲ್ಲ. ಮಾರನೇ ದಿನ ಮತ್ತೆ ಆಟ ಇರುತ್ತದೆ.